‘ನನಗೂ ಹಿಂಗೇ ಆಗಿತ್ತು ಕಣೋ’

ಅಪ್ಪನ ತಿಥಿ ಮುಗಿದ ಮಾರನೇ ದಿನ ತಲೆ ಬೋಳಿಸಿಕೊಂಡ ಹುಡುಗನೊಬ್ಬ ಶಾಲೆಗೆ ಬರುತ್ತಾನೆ. ಪ್ರಾರ್ಥನೆಯ ಸಾಲಿನಲ್ಲಿ ಉಳಿದ ಮಕ್ಕಳು ಅವನ ತಲೆಯನ್ನೇ ಕದ್ದು ಕದ್ದು ನೋಡುತ್ತಾರೆ. ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಡುತ್ತಾರೆ. ‘ನನಗೂ ಹಿಂಗೇ ಆಗಿತ್ತು ಕಣೋ. ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮಪ್ಪ ಹೋಗ್ಬಿಟ್ರು’ ಎನ್ನುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಒಟ್ಟುಗೂಡಿಸಿ ಸರ್ಕಾರ ಮಧುಗಿರಿ ಶೈಕ್ಷಣಿಕ ಜಿಲ್ಲೆ ಮಾಡಿದೆ. ಆ ಜಿಲ್ಲೆಯ ಯಾವ ಶಾಲೆಯ ಅಂಗಳದಲ್ಲಾದರೂ ನಡೆಯಬಹುದಾದ ಸಂಗತಿ ಇದು. ಮೇಷ್ಟ್ರು ಆಡಿದ್ದು ಎರಡೇ ವಾಕ್ಯ. ಆದರೆ ಆ ಕ್ಷಣದಲ್ಲಿ ಹುಡುಗನ ತಲೆಯೊಳಗೂ ಮೇಷ್ಟ್ರ ತಲೆಯೊಳಗೂ ಏನೇನೋ ಕದಲುತ್ತದೆ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಈ ಕದಲಿಕೆಯನ್ನು ಒಂದಷ್ಟು ಅಳೆದು ನೋಡಿದ್ದಾರೆ. ಅವರಿಗೆ ಕಂಡದ್ದು ನಾವು ಅಂದುಕೊಂಡದ್ದಕ್ಕಿಂತ ಬೇರೆಯೇ ಇದೆ.

ದುಃಖದಲ್ಲಿರುವ ಮಕ್ಕಳನ್ನು ಕೈಹಿಡಿದು ನಡೆಸುವವರು ನಮ್ಮ ಹಳ್ಳಿಗಳಲ್ಲಿ ಯಾರು? ಮೇಷ್ಟ್ರು, ಹಾಸ್ಟೆಲ್ ವಾರ್ಡನ್, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಸಂಘದ ಹಿರಿಯಕ್ಕ. ಇದಕ್ಕೆಂದು ಯಾರೂ ಇವರಿಗೆ ಪಾಠ ಹೇಳಿಲ್ಲ. ಇವರ ಕೈಯಲ್ಲಿರುವ ಬಂಡವಾಳ ಸ್ವಂತ ಅನುಭವವೊಂದೇ. ಆ ಬಂಡವಾಳ ಎಷ್ಟು ಬೇಕಾಗುತ್ತದೆ ಎಂಬುದು ಕೋವಿಡ್ ಕಾಲದಲ್ಲಿ ಗೊತ್ತಾಯಿತು. 2021ರ ಬೇಸಿಗೆಯಲ್ಲಿ ಎರಡನೇ ಅಲೆ ಮನೆಮನೆಯಿಂದ ಜನರನ್ನು ಕರೆದೊಯ್ದಾಗ ಶಾಲೆಗಳು ಮುಚ್ಚಿದ್ದವು. ಒಂಬತ್ತನೇ ತರಗತಿಯಿಂದ ಮೇಲಿನವರಿಗೆ ಬಾಗಿಲು ತೆರೆದದ್ದು ಆಗಸ್ಟ್ 23ಕ್ಕೆ, ಆರರಿಂದ ಎಂಟರವರಿಗೆ ಸೆಪ್ಟೆಂಬರ್ 6ಕ್ಕೆ, ಚಿಕ್ಕ ಮಕ್ಕಳಿಗೆ ಅಕ್ಟೋಬರ್ 25ಕ್ಕೆ. ಮೇ ತಿಂಗಳಲ್ಲಿ ಅಮ್ಮನನ್ನು ಕಳೆದುಕೊಂಡ ಮೂರನೇ ತರಗತಿಯ ಮಗು ಐದು ತಿಂಗಳ ಬಳಿಕ ಬೆಂಚಿಗೆ ಬಂದು ಕುಳಿತಾಗ, ಊರಿನ ಮಟ್ಟಿಗೆ ಆ ಸಾವು ಹಳೆಯ ಸುದ್ದಿ. ಅನಾಥರಾದ ಮಕ್ಕಳಿಗೆ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ಆ ಹಣ ಅಗತ್ಯವಾಗಿತ್ತು. ಆದರೆ ಮುಖವನ್ನೂ ನೋಡಲಾಗದೆ ಅಮ್ಮನನ್ನು ಕಳಿಸಿಕೊಟ್ಟ ಮಗುವಿನ ಮುಂದೆ ಕೂತು ಏನು ಮಾತಾಡಬೇಕು ಎಂಬುದಕ್ಕೆ ಯಾವ ಸುತ್ತೋಲೆಯಿಂದಲೂ ಉತ್ತರ ಸಿಗುವುದಿಲ್ಲ.

ಅನುಭವಸ್ಥರ ಮಾತಿಗೆ ಬೆಲೆ ಇದೆ ಎನ್ನಲು ಗಟ್ಟಿ ಪುರಾವೆಗಳಿವೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫಿಲಿಸ್ ಸಿಲ್ವರ್‌ಮನ್ ಎಂಬ ಸಂಶೋಧಕಿ ಒಂದು ಸರಳ ಪ್ರಯೋಗಕ್ಕೆ ಕೈಹಾಕಿದರು. ಹೊಸದಾಗಿ ಗಂಡನನ್ನು ಕಳೆದುಕೊಂಡವರ ಮನೆಗೆ ಅವರು ವೈದ್ಯರನ್ನು ಕಳಿಸಲಿಲ್ಲ. ಹಿಂದೆಯೇ ಗಂಡನನ್ನು ಕಳೆದುಕೊಂಡು ಮತ್ತೆ ಬದುಕು ಕಟ್ಟಿಕೊಂಡಿದ್ದ ಹೆಂಗಸರನ್ನು ಕಳಿಸಿದರು. ಇದೇ ಬಗೆಯ ನೆರವನ್ನು ಕೆನಡಾದ ಟೊರಾಂಟೊದಲ್ಲಿ ಮೇರಿ ವಾಶಾನ್ ಮತ್ತು ಸಂಗಡಿಗರು 162 ಮಂದಿಯ ಮೇಲೆ ಒರೆಗೆ ಹಚ್ಚಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೀಗೊಬ್ಬ ಜೊತೆಗಾತಿ ಸಿಕ್ಕವರು ಸಿಗದವರಿಗಿಂತ ಬೇಗ ಚೇತರಿಸಿಕೊಂಡಿದ್ದರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಜೊತೆಗಾತಿಯರನ್ನು ಆರಿಸುವಾಗ ಅವರ ಸ್ವಂತ ದುಃಖ ಒಂದು ನೆಲೆಗೆ ಬಂದಿದೆಯೇ ಎಂದು ನೋಡಿದ್ದರು. ಮನೆಗಳಿಗೆ ಕಳಿಸುವ ಮೊದಲು ತರಬೇತಿಯನ್ನೂ ಕೊಟ್ಟಿದ್ದರು. ಅನುಭವ ಇದ್ದರಷ್ಟೇ ಸಾಲದು ಎಂದು ಅವರಿಗೆ ಆಗಲೇ ಹೊಳೆದಿತ್ತು.

ಯಾಕೆ ಸಾಲದು? ಇದಕ್ಕೆ ಉತ್ತರ ಬಂದದ್ದು ತೀರಾ ಈಚೆಗೆ, 2015ರಲ್ಲಿ. ಅಮೆರಿಕದ ರೇಚಲ್ ರಟ್ಟನ್, ಮೇರಿ-ಹಂಟರ್ ಮೆಕ್‌ಡಾನಲ್, ಲೋರನ್ ನಾರ್ಡ್‌ಗ್ರೆನ್ ಎಂಬ ಮೂವರು ಕೈಗೊಂಡ ಅಧ್ಯಯನ ಅದು. ಸಹಪಾಠಿಗಳ ಕೈಯಲ್ಲಿ ಕಿರುಕುಳ ತಿನ್ನುತ್ತಿರುವ ಹುಡುಗನೊಬ್ಬನಿದ್ದಾನೆ; ಚಿಕ್ಕಂದಿನಲ್ಲಿ ತಾನೂ ಅದನ್ನೇ ಉಂಡ ಮೇಷ್ಟ್ರು, ಉಣ್ಣದ ಮೇಷ್ಟ್ರು, ಈ ಇಬ್ಬರಲ್ಲಿ ಅವನ ಬಗ್ಗೆ ಯಾರಿಗೆ ಹೆಚ್ಚು ಕರುಣೆ ಇರುತ್ತದೆ? ಹೀಗೆಂದು ಅವರು 112 ಜನರನ್ನು ಕೇಳಿದರು. 99 ಮಂದಿ ಅನುಭವ ಇದ್ದ ಮೇಷ್ಟ್ರನ್ನೇ ಆರಿಸಿದರು. ನಾವೂ ಅವರನ್ನೇ ಆರಿಸುತ್ತೇವೆ. ಆದರೆ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು. ಕಷ್ಟವನ್ನು ದಾಟಿ ಬಂದವರು, ಅದೇ ಕಷ್ಟವನ್ನು ಚೆನ್ನಾಗಿ ನಿಭಾಯಿಸುತ್ತಿರುವವರ ಮೇಲೆ ಹೆಚ್ಚು ಕರುಣೆ ತೋರಿದರು. ನಿಭಾಯಿಸಲಾಗದೆ ಕುಸಿದವರ ವಿಷಯದಲ್ಲಿ ಮಾತ್ರ, ಆ ಕಷ್ಟವನ್ನೇ ಕಾಣದವರಿಗಿಂತಲೂ ಕಠಿಣರಾದರು. ಕೆಲಸವಿಲ್ಲದೆ ಅಲೆದು ಕೊನೆಗೆ ಕೆಲಸ ಹಿಡಿದವರು, ಅಲೆಯುತ್ತಲೇ ದಾರಿತಪ್ಪಿದವನನ್ನು ಕ್ಷಮಿಸಲು ಹಿಂದೆಗೆದರು. ಕೊರೆಯುವ ಚಳಿಯಲ್ಲಿ ಮಿಷಿಗನ್ ಸರೋವರಕ್ಕೆ ಧುಮುಕಿ ಬಂದವರು, ಇನ್ನೇನು ಧುಮುಕಬೇಕು ಅನ್ನುವಾಗ ಹಿಂದೆ ಸರಿದವನನ್ನು ಹಗುರವಾಗಿ ಕಂಡರು. ತಾವಿನ್ನೂ ನೀರಿಗಿಳಿಯದೆ ಕಾಯುತ್ತಿದ್ದವರೇ ಅವನ ಕಡೆಗೆ ಹೆಚ್ಚು ಮೃದುವಾಗಿದ್ದರು.

ಸಂಶೋಧಕರು ಕೊಡುವ ಕಾರಣ ಹೀಗಿದೆ. ಕಷ್ಟ ಬಂದಿತ್ತು ಎಂಬ ಸಂಗತಿ ನಮಗೆ ನೆನಪಿರುತ್ತದೆ. ಅದು ಎಷ್ಟು ನೋಯಿಸಿತು ಎಂಬ ಅಳತೆ ಮಾಸಿಹೋಗುತ್ತದೆ. ಉಳಿಯುವುದು ‘ದಾಟಿದೆ’ ಎಂಬ ತಿಳಿವಳಿಕೆ ಮಾತ್ರ. ಹಾಗಾಗಿ ದಾಟುವುದು ಆಗುವ ಕೆಲಸವೇ ಎಂದು ನಮ್ಮ ಮಿದುಳು ಲೆಕ್ಕ ಹಾಕುತ್ತದೆ. ಏಳನೇ ಕ್ಲಾಸಿನಲ್ಲಿ ಅಪ್ಪನನ್ನು ಕಳೆದುಕೊಂಡ ಮೇಷ್ಟ್ರು ಈಗ ಐವತ್ತರ ಹತ್ತಿರ ಇರಬಹುದು. ಆ ರಾತ್ರಿಗಳಲ್ಲಿ ತಾನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದದ್ದು, ಅಮ್ಮ ಹೊಲದಿಂದ ಬರುವುದು ತಡವಾದರೆ ಹೊಟ್ಟೆಯಲ್ಲಿ ಏಳುತ್ತಿದ್ದ ಸಂಕಟ, ಇವು ಅವರಿಗೆ ಈಗ ಕೈಗೆಟುಕುವುದಿಲ್ಲ. ಕೈಗೆಟುಕುವುದು, ಹಗಲು ಕೂಲಿ ಮಾಡಿ ರಾತ್ರಿ ಓದಿ ಕೆಲಸ ಸೇರಿದ ಕಥೆ. ‘ನನಗೂ ಹಿಂಗೇ ಆಗಿತ್ತು’ ಎಂದು ಅಕ್ಕರೆಯಿಂದ ಹೊರಟ ಮಾತು ಅವರಿಗೇ ಗೊತ್ತಾಗದಂತೆ ‘ನಾನು ಓದಲಿಲ್ವಾ? ನಿಂಗೇನಾಗಿದೆ?’ ಎಂಬಲ್ಲಿಗೆ ಬಂದು ನಿಲ್ಲುವುದು ಹೀಗೆ. ಆರನೇ ತಿಂಗಳಲ್ಲೂ ಲೆಕ್ಕದ ಪಿರಿಯಡ್‌ನಲ್ಲಿ ಕಿಟಕಿ ನೋಡುತ್ತಾ ಕೂರುವ ಹುಡುಗ ಅವರ ಕಣ್ಣಿಗೆ ಸೋಮಾರಿಯಾಗಿಬಿಡುತ್ತಾನೆ.

ಕಿಟಕಿ ನೋಡುವ ಆ ಹುಡುಗನೊಳಗೆ ನಿಜಕ್ಕೂ ನಡೆಯುತ್ತಿರುವುದೇನು? ನಮ್ಮ ಮಿದುಳು ಮುಂದಾಗುವುದನ್ನು ಸದಾ ಊಹಿಸುತ್ತಿರುವ ಅಂಗ. ಸಂಜೆ ಆರೂವರೆಗೆ ಟಿವಿಎಸ್ ಮೊಪೆಡ್ಡಿನ ಸದ್ದು ಕೇಳಿದರೆ ಅಪ್ಪ ಬಂದ ಎಂದು ಅದು ವರ್ಷಗಟ್ಟಲೆ ಕಲಿತಿರುತ್ತದೆ. ಅಪ್ಪ ಇಲ್ಲ ಎಂಬ ಸುದ್ದಿ ಒಂದೇ ದಿನದಲ್ಲಿ ತಿಳಿದರೂ ಆ ಕಲಿಕೆ ಒಂದೇ ದಿನದಲ್ಲಿ ಅಳಿಸಿಹೋಗುವುದಿಲ್ಲ. ಪ್ರತಿ ಸಂಜೆಯ ಸದ್ದಿಗೂ ಮಿದುಳು ಮತ್ತೊಮ್ಮೆ ತಪ್ಪಿ, ಮತ್ತೊಮ್ಮೆ ತಿದ್ದಿಕೊಳ್ಳಬೇಕು. ಅಮೆರಿಕದ ನರವಿಜ್ಞಾನಿ ಮೇರಿ-ಫ್ರಾನ್ಸಿಸ್ ಓಕಾನರ್ ದುಃಖವನ್ನು ಒಂದು ಬಗೆಯ ಕಲಿಕೆ ಎಂದೇ ವಿವರಿಸುತ್ತಾರೆ. ತಾಯಿಯನ್ನೋ ಅಕ್ಕತಂಗಿಯನ್ನೋ ಸ್ತನ ಕ್ಯಾನ್ಸರಿನಿಂದ ಕಳೆದುಕೊಂಡ 23 ಮಹಿಳೆಯರ ಮಿದುಳನ್ನು ಅವರ ತಂಡ ಸ್ಕ್ಯಾನ್ ಮಾಡಿತ್ತು. ತೀರಿಹೋದವರ ಚಿತ್ರ, ಅವರ ನೆನಪಿನ ಪದಗಳು ಕಂಡಾಗ, ದುಃಖ ಇಳಿಯದೆ ಕಾಡುತ್ತಿದ್ದ ಮಹಿಳೆಯರಲ್ಲಿ ಬಯಕೆ ಮತ್ತು ನಿರೀಕ್ಷೆಗೆ ಸಂಬಂಧಿಸಿದ ಭಾಗವೊಂದು ಹೆಚ್ಚು ಚುರುಕಾಯಿತು. 2008ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು ನಿಜ. ಆದರೂ ಹಂಬಲ ಎಂಬುದು ಮನಸ್ಸಿನ ದೌರ್ಬಲ್ಯವಲ್ಲ, ಮಿದುಳು ಇನ್ನೂ ಕಾಯುತ್ತಿರುವುದರ ಗುರುತು ಎಂದು ಅರ್ಥ ಮಾಡಿಕೊಳ್ಳಲು ಅದು ನೆರವಾಯಿತು.

ಅಳುವ ಮಗು ಹತ್ತು ನಿಮಿಷದ ನಂತರ ಗೋಲಿ ಆಡುತ್ತಿದ್ದರೆ ‘ಮಕ್ಕಳಿಗೇನು, ಮರೆತುಬಿಡ್ತವೆ’ ಎನ್ನುತ್ತೇವೆ. ಅದು ಮರೆವಲ್ಲ. ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಕೂಟ್ 1999ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ದುಃಖಿಸುವ ಮನಸ್ಸು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ತೂಗಾಡುತ್ತಲೇ ಇರುತ್ತದೆ. ಈ ತೂಗಾಟವೇ ಆರೋಗ್ಯದ ಲಕ್ಷಣ. ಮಕ್ಕಳಲ್ಲಿ ಅದು ದೊಡ್ಡವರಲ್ಲಿಗಿಂತ ಬಿರುಸು. ಸಾವೆಂದರೆ ಮತ್ತೆ ಬರುವಂತಿಲ್ಲ, ಅದು ಎಲ್ಲರಿಗೂ ಬರುತ್ತದೆ, ಸತ್ತವರಿಗೆ ಹಸಿವು ಚಳಿ ಇರುವುದಿಲ್ಲ ಎಂಬ ತಿಳಿವು ಹೆಚ್ಚಿನ ಮಕ್ಕಳಲ್ಲಿ ಐದರಿಂದ ಏಳರ ವಯಸ್ಸಿಗೆ ಕೂಡಿಬರುತ್ತದೆ. ಆಮೇಲೂ ಬೆಳೆಬೆಳೆಯುತ್ತಾ ಅದೇ ಸಾವನ್ನು ಅವರು ಹೊಸದಾಗಿ ಅರ್ಥಮಾಡಿಕೊಂಡು ಹೊಸದಾಗಿ ದುಃಖಿಸುತ್ತಾರೆ. ಬಾಸ್ಟನ್ ಪ್ರದೇಶದಲ್ಲಿ ಹೆತ್ತವರೊಬ್ಬರನ್ನು ಕಳೆದುಕೊಂಡ 125 ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿದ ವಿಲಿಯಂ ವರ್ಡನ್ ಮತ್ತು ಸಿಲ್ವರ್‌ಮನ್, ಐವರಲ್ಲಿ ಸುಮಾರು ಒಬ್ಬ ಮಗು ಎರಡನೇ ವರ್ಷದ ಕೊನೆಯಲ್ಲೂ ಗಂಭೀರ ತೊಂದರೆಯಲ್ಲಿದ್ದುದನ್ನು ಕಂಡರು. ಉಳಿದ ನಾಲ್ವರು ಹಾಗಿರಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಎಲ್ಲ ಮಕ್ಕಳೂ ಮುರಿದುಹೋಗುತ್ತಾರೆ ಎಂದುಕೊಂಡು ಮಾತಾಡಿಸಲು ಹೋಗುವುದೂ ತಪ್ಪೇ.

ಇಂಥ ಮಗುವಿನ ಮುಂದೆ ನಮ್ಮ ಕಥೆ ತೆರೆದಾಗ ಇನ್ನೊಂದು ಅಪಾಯವಿದೆ. ಅದು ಮಾತಿನ ದಾರಕ್ಕೆ ಸಂಬಂಧಪಟ್ಟದ್ದು. ಅಮೆರಿಕದ ರಾಚೆಸ್ಟರ್‌ನಲ್ಲಿ ಸಂಶೋಧಕರು ರೋಗಿಗಳ ವೇಷದಲ್ಲಿ ನಟರನ್ನು ವೈದ್ಯರ ಬಳಿಗೆ ಕಳಿಸಿ 113 ಭೇಟಿಗಳ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡರು. ವೈದ್ಯರು ಇದಕ್ಕೆ ಮುಂಚಿತವಾಗಿಯೇ ಒಪ್ಪಿಗೆ ಕೊಟ್ಟಿದ್ದರು. ಯಾರು ನಟ, ಯಾರು ರೋಗಿ ಎಂಬುದಷ್ಟೇ ಅವರಿಗೆ ಗೊತ್ತಿರಲಿಲ್ಲ. ಮೂರರಲ್ಲಿ ಒಂದು ಭೇಟಿಯಲ್ಲಿ ವೈದ್ಯರು ತಮ್ಮ ವಿಷಯ ತೆಗೆದಿದ್ದರು. 2007ರಲ್ಲಿ ಸೂಸನ್ ಮೆಕ್‌ಡ್ಯಾನಿಯಲ್ ಮತ್ತು ಸಂಗಡಿಗರು ಪ್ರಕಟಿಸಿದಂತೆ, ಆ ಮಾತುಗಳಲ್ಲಿ ಹೆಚ್ಚಿನವು ರೋಗಿಗೆ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ವೈದ್ಯರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಹತ್ತಿರವಾಗಲೆಂದೇ ಹೇಳಿದ್ದರು. ತೊಂದರೆ ಇದ್ದದ್ದು, ತಮ್ಮ ಮಾತು ಮುಗಿದ ಮೇಲೆ ರೋಗಿ ಎಲ್ಲಿ ಬಿಟ್ಟಿದ್ದರೋ ಅಲ್ಲಿಗೆ ಬಹುಪಾಲು ವೈದ್ಯರು ಹಿಂತಿರುಗದೇ ಹೋದದ್ದರಲ್ಲಿ. ಮೇಷ್ಟ್ರು-ಹುಡುಗನ ನಡುವೆ ಇದು ಇನ್ನೂ ಬೇಗ ಆಗುತ್ತದೆ. ದೊಡ್ಡವರು ಮಾತಾಡುವಾಗ ಸುಮ್ಮನಿರಬೇಕು ಎಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ. ಮೇಷ್ಟ್ರ ಕಣ್ಣು ತುಂಬಿದರೆ ಹುಡುಗ ತನ್ನ ಅಳು ನುಂಗಿಕೊಂಡು ಅವರನ್ನು ಸಮಾಧಾನ ಮಾಡಬೇಕಾದ ಪ್ರಸಂಗ ಬರುತ್ತದೆ. ಮನೆಯಲ್ಲಿ ಅವನು ಅದೇ ಕೆಲಸವನ್ನು ಅಮ್ಮನಿಗಾಗಿ ಮಾಡಿ ಬಂದಿರುತ್ತಾನೆ. ‘ಇನ್ಮೇಲೆ ಮನೆಗೆ ನೀನೇ ಗಂಡಸು, ಧೈರ್ಯ ತಗೋ’ ಎಂದು ತಿಥಿಗೆ ಬಂದ ಹಿರಿಯರು ಹತ್ತು ವರ್ಷದವನ ಹೆಗಲಿಗೆ ಹೊರಿಸಿ ಹೋದ ಭಾರವೂ ಜೊತೆಗಿರುತ್ತದೆ.

ಕ್ಯಾನ್ಸಸ್ ವಿಶ್ವವಿದ್ಯಾಲಯದ ಡೇನಿಯಲ್ ಬ್ಯಾಟ್ಸನ್ 1997ರಲ್ಲಿ ನಡೆಸಿದ ಪ್ರಯೋಗವೊಂದು ಮೇಷ್ಟ್ರ ಈ ಕಣ್ಣೀರಿನ ಮೂಲವನ್ನು ತೋರಿಸುತ್ತದೆ. ಅಪಘಾತದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ತಮ್ಮ ತಂಗಿಯರನ್ನು ಸಾಕಬೇಕಾದ ಹುಡುಗಿಯೊಬ್ಬಳ ಕಥೆಯನ್ನು ವಿದ್ಯಾರ್ಥಿಗಳಿಗೆ ರೇಡಿಯೊ ಸಂದರ್ಶನದ ರೂಪದಲ್ಲಿ ಕೇಳಿಸಿದರು. ಕೆಲವರಿಗೆ ‘ಅವಳಿಗೆ ಹೇಗನ್ನಿಸುತ್ತಿರಬಹುದು ಎಂದು ಊಹಿಸಿಕೊಳ್ಳಿ’ ಎಂದರು. ಕೆಲವರಿಗೆ ‘ಅವಳ ಜಾಗದಲ್ಲಿ ನೀವಿದ್ದಿದ್ದರೆ ನಿಮಗೆ ಹೇಗನ್ನಿಸುತ್ತಿತ್ತು, ಅದನ್ನು ಊಹಿಸಿಕೊಳ್ಳಿ’ ಎಂದರು. ಎರಡೂ ಗುಂಪಿನಲ್ಲಿ ಕರುಣೆ ಹುಟ್ಟಿತು. ಎರಡನೆಯ ಗುಂಪಿನಲ್ಲಿ ಅದರ ಜೊತೆಗೆ ಕೇಳುವವರ ಸ್ವಂತ ಸಂಕಟವೂ ಹುಟ್ಟಿತು. ಸ್ವಂತ ಸಂಕಟ ಹೆಚ್ಚಾದಾಗ ಮನುಷ್ಯ ಮೊದಲು ನೋಡುವುದು ಅದರಿಂದ ಪಾರಾಗುವ ದಾರಿಯನ್ನು. ಬೇಗ ಬೇಗ ಸಮಾಧಾನದ ಮಾತಾಡಿ, ‘ಅಳ್ಬೇಡ ಸುಮ್ನಿರು’ ಎಂದು ಮುಗಿಸಿಬಿಡುವುದು ಮಗುವಿಗಿಂತ ಹೆಚ್ಚಾಗಿ ನಮ್ಮನ್ನು ಕಾಪಾಡಿಕೊಳ್ಳಲು.

ಇಷ್ಟೆಲ್ಲ ಓದಿದ ಮೇಲೆ, ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಲೇಸು ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಸೀಮೆಯ ಜನ ಸಾವಿನ ಮನೆಗೆ ‘ಮಾತಾಡಿಸಿಕೊಂಡು ಬರಲು’ ಹೋಗುತ್ತಾರೆ. ಅಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳುತ್ತಾರೆ. ಹಾಗೆ ಅಳುವಾಗ ಐದು ವರ್ಷದ ಹಿಂದೆ ಹೋದ ಮಗಳೂ ಕಳೆದ ವರ್ಷ ಹೋದ ಗಂಡನೂ ಆ ಅಳುವಿನೊಳಗೆ ಬರುತ್ತಾರೆ. ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲ. ಇದು ಬರೀ ನಮ್ಮ ಊರುಗಳ ರೂಢಿಯಲ್ಲ. ಗ್ರೀಕರ ಇಲಿಯಡ್ ಕಾವ್ಯದ ಹತ್ತೊಂಬತ್ತನೇ ಸರ್ಗದಲ್ಲಿ ಪೆಟ್ರೊಕ್ಲಸನ ಶವದ ಸುತ್ತ ಕುಳಿತ ಸೆರೆಯಾಳು ಹೆಂಗಸರು ಅವನ ನೆಪದಲ್ಲಿ ತಂತಮ್ಮ ದುಃಖಕ್ಕೇ ಅಳುತ್ತಾರೆ. ಈ ಕೂಡಿ ಅಳುವಿಕೆ ಜನರನ್ನು ಉಳಿಸಿಕೊಂಡು ಬಂದಿದೆ. ಅಲ್ಲಿ ಎಲ್ಲರೂ ಸಮಾನರು. ಒಬ್ಬಳು ಅಳುವಾಗ ಇನ್ನೊಬ್ಬಳು ಸುಮ್ಮನಿರಬೇಕಾದ ಕಟ್ಟುಪಾಡಿಲ್ಲ. ಮೇಷ್ಟ್ರು ಮತ್ತು ಹುಡುಗ, ವಾರ್ಡನ್ ಮತ್ತು ಹಾಸ್ಟೆಲ್ ಹುಡುಗಿ ಸಮಾನರಲ್ಲ. ವಯಸ್ಸು, ಅಧಿಕಾರ, ಮಾರ್ಕ್ಸು ಎಲ್ಲವೂ ಒಬ್ಬರ ಕೈಯಲ್ಲಿದೆ. ಸಾವಿನ ಮನೆಯ ಪಡಸಾಲೆಯಲ್ಲಿ ಹಿತವಾದ ಮಾತು ಸ್ಟಾಫ್ ರೂಮಿನಲ್ಲಿ ಭಾರವಾಗುವುದಕ್ಕೆ ಈ ಅಸಮಾನತೆಯೇ ಕಾರಣ.

ಅಸಮಾನ ಜಾಗದಲ್ಲಿ ನಿಂತು ಸ್ವಂತ ನೋವನ್ನು ಹೇಳಿದ ಒಂದು ಪತ್ರವನ್ನು ನಾನು ಮಾದರಿ ಎಂದು ಭಾವಿಸಿದ್ದೇನೆ. ಬರೆದವರು ಸಿಗ್ಮಂಡ್ ಫ್ರಾಯ್ಡ್. ಸತ್ತವರ ಮೇಲಿನ ಮೋಹವನ್ನು ಮನಸ್ಸು ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು 1917ರಲ್ಲಿ ಸಿದ್ಧಾಂತ ಕಟ್ಟಿದವರು ಅವರೇ. 1920ರಲ್ಲಿ ಅವರ ಮಗಳು ಸೋಫಿ ಇನ್ಫ್ಲುಯೆಂಜಾದಿಂದ ತೀರಿಕೊಂಡಳು. 1929ರ ಏಪ್ರಿಲ್‌ನಲ್ಲಿ, ಮಗನನ್ನು ಕಳೆದುಕೊಂಡಿದ್ದ ಗೆಳೆಯ ಲುಡ್ವಿಗ್ ಬಿನ್ಸ್‌ವಾಂಗರ್‌ಗೆ ಫ್ರಾಯ್ಡ್ ಬರೆದರು. ಮಗಳು ಬದುಕಿದ್ದಿದ್ದರೆ ಅಂದು ಅವಳಿಗೆ 36 ತುಂಬುತ್ತಿತ್ತು ಎಂದು ಒಂದು ಮಾತಿನಲ್ಲಿ ತಿಳಿಸಿ, ತೀವ್ರ ಶೋಕ ತಗ್ಗುತ್ತದೆ, ಆದರೆ ಹೋದವರ ಜಾಗವನ್ನು ಬೇರೆ ಯಾವುದೂ ತುಂಬುವುದಿಲ್ಲ, ಹಾಗೆ ತುಂಬದಿರುವುದೇ ಸರಿ ಎಂಬರ್ಥದಲ್ಲಿ ಹೇಳಿದರು. ಕಾಯಿಲೆಯ ವಿವರವಿಲ್ಲ, ತಾನು ಹೇಗೆ ಗೆದ್ದೆ ಎಂಬ ಕಥೆಯಿಲ್ಲ. ತನ್ನ ಸಿದ್ಧಾಂತಕ್ಕೇ ಒಪ್ಪದ ಸತ್ಯವೊಂದನ್ನು, ಅದು ಬೇಕಾಗಿದ್ದವರಿಗೆ ಕೊಟ್ಟರು. ಶೋಕದ ವಿಜ್ಞಾನ ಆ ಸತ್ಯವನ್ನು ಪೂರ್ತಿಯಾಗಿ ಒಪ್ಪಿಕೊಂಡದ್ದು 1990ರ ದಶಕದಲ್ಲಿ, ಸತ್ತವರೊಂದಿಗಿನ ನಂಟು ಮುಂದುವರಿಯುವುದು ಸಹಜ ಎಂದು ಡೆನ್ನಿಸ್ ಕ್ಲಾಸ್ ಮತ್ತು ಸಿಲ್ವರ್‌ಮನ್ ಮುಂತಾದವರು ತೋರಿಸಿದ ಬಳಿಕ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡಿ, ಹೋದವರಿಗೆ ಇಷ್ಟವಾಗಿದ್ದ ತಿಂಡಿ, ಬಟ್ಟೆ, ಬೀಡಿ ಕಟ್ಟನ್ನೂ ಎಡೆಗಿಡುವ ಮನೆಗಳಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಬುದ್ಧನ ಬಳಿಗೆ ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಯ ಕಥೆ ಎಲ್ಲರಿಗೂ ಗೊತ್ತು. ಅದನ್ನು ‘ಸಾವಿಲ್ಲದ ಮನೆಯಿಲ್ಲ’ ಎಂಬ ಉಪದೇಶಕ್ಕೆ ಬಳಸುವುದು ವಾಡಿಕೆ. ಅದರಲ್ಲಿ ಹೇಳದೆ ಉಳಿದದ್ದೊಂದು ನನ್ನನ್ನು ಬಹಳ ಕಾಲದಿಂದ ಯೋಚನೆಗೆ ಹಚ್ಚಿದೆ. ಪರಂಪರೆ ಹೇಳುವಂತೆ ಸಿದ್ಧಾರ್ಥ ಹುಟ್ಟಿದ ಏಳನೇ ದಿನಕ್ಕೇ ತಾಯಿ ಮಾಯಾದೇವಿ ತೀರಿಕೊಂಡಿದ್ದಳು. ‘ನಾನೂ ತಬ್ಬಲಿ ಕಣಮ್ಮ’ ಎಂದು ಹೇಳಲು ಅವನಿಗೆ ಪೂರ್ತಿ ಅರ್ಹತೆ ಇತ್ತು. ಅವನು ಹೇಳಲಿಲ್ಲ. ಮನೆಮನೆಗೆ ಹೋಗಿ ಬಾ ಎಂದ. ಮಗು ಕಳೆದುಕೊಂಡ ತಾಯಿಗೆ ತಾಯಿ ಕಳೆದುಕೊಂಡ ಮಗನ ಕಥೆ ಅಂದು ಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅವಳಂತೆಯೇ ಹೊಸಿಲಲ್ಲಿ ನಿಂತ ಬೇರೆ ತಾಯಂದಿರು, ಮತ್ತು ತನ್ನ ಕಾಲಲ್ಲಿ ತಾನೇ ನಡೆದು ಅರಿಯುವಷ್ಟು ಹೊತ್ತು.

ಹಾಗಾದರೆ ಯಾವಾಗ, ಎಷ್ಟು ಹೇಳಬೇಕು? ನನ್ನ ತೀರ್ಮಾನ ಇದು: ಮಗು ತನ್ನ ದುಃಖ ವಿಚಿತ್ರವಾದದ್ದು, ತನಗೊಬ್ಬನಿಗೇ ಹೀಗಾಗುತ್ತಿದೆ ಎಂದು ಹೆದರಿರುವಾಗ ಮಾತ್ರ ನಮ್ಮ ಅನುಭವಕ್ಕೆ ಕೆಲಸವಿದೆ. ಅದು ಗೊತ್ತಾಗಬೇಕಾದರೆ ಮೊದಲು ಕೇಳಿಸಿಕೊಳ್ಳಬೇಕು. ಕೇಳಿಸಿಕೊಳ್ಳಲು ಎದುರಾಬದುರು ಕೂರುವುದಕ್ಕಿಂತ ಪಕ್ಕಪಕ್ಕದಲ್ಲಿ ಏನಾದರೂ ಕೆಲಸ ಮಾಡುತ್ತಾ ಇರುವುದು ಒಳ್ಳೆಯದು. ಪಾವಗಡ, ಶಿರಾ ಕಡೆ ಬಿತ್ತನೆಗೆ ಮುಂಚೆ ಮನೆಯವರೆಲ್ಲ ಕೂತು ಕಡ್ಲೇಕಾಯಿ ಸುಲಿಯುವಾಗ ಹೊರಬರುವ ಮಾತುಗಳು ಬೇರೆ ಹೊತ್ತಿನಲ್ಲಿ ಬರುವುದಿಲ್ಲ. ಶಾಲೆಯಲ್ಲಿ ಅದು ಗಿಡಕ್ಕೆ ನೀರು ಹಾಕುವ ಹೊತ್ತಿರಬಹುದು, ಲೈಬ್ರರಿ ಪುಸ್ತಕಕ್ಕೆ ರಟ್ಟು ಹಾಕುವ ಹೊತ್ತಿರಬಹುದು. ಹುಡುಗಿಯೊಬ್ಬಳು ಹೀಗೆ ಶುರುಮಾಡುತ್ತಾಳೆ ಎಂದುಕೊಳ್ಳಿ:

‘ಮಿಸ್, ಅಮ್ಮನ ದನಿ ಹೆಂಗಿತ್ತು ಅಂತ ಮರ್ತೋಗ್ತಾ ಐತೆ. ನಾನು ಕೆಟ್ಟೋಳಾ ಮಿಸ್?’

‘ಇಲ್ಲ ಕಣಮ್ಮ. ನಮ್ಮಮ್ಮ ಹೋದಾಗ ನಂಗೂ ಹಂಗೇ ಭಯ ಆಗಿತ್ತು. ದನಿ ಮರ್ತ್ರೂ ಅಮ್ಮ ಮರ್ತೋಗಲ್ಲ. ನಿಮ್ಮಮ್ಮ ನಿನ್ನ ಏನಂತ ಕರೀತಿದ್ರು?’

ಇಷ್ಟೇ. ಟೀಚರು ತಮ್ಮ ಬಗ್ಗೆ ಆಡಿದ್ದು ಒಂದು ವಾಕ್ಯ, ಅದರಲ್ಲಿ ಘಟನೆ ಇಲ್ಲ, ಭಾವನೆ ಇದೆ. ಮುಂದಿನ ಉಸಿರಿನಲ್ಲೇ ಪ್ರಶ್ನೆ ಹುಡುಗಿಯ ಅಮ್ಮನ ಕಡೆ ತಿರುಗಿದೆ. ಟೀಚರ ಅಮ್ಮ ಯಾವ ಆಸ್ಪತ್ರೆಯಲ್ಲಿ ಹೋದರು, ಯಾರು ಏನೆಂದರು, ಆಮೇಲೆ ಟೀಚರು ಹೇಗೆ ಮೊದಲ ದರ್ಜೆಯಲ್ಲಿ ಪಾಸಾದರು ಎಂಬುದೆಲ್ಲ ಬಾಯಿಯ ತುದಿಗೆ ಬಂದಿರುತ್ತದೆ. ಬಂದದ್ದನ್ನು ತಡೆದುಕೊಳ್ಳುವುದೇ ಈ ಕೆಲಸದ ಕಷ್ಟದ ಭಾಗ. ಹುಡುಗಿ ತಾನಾಗಿ ‘ಆಮೇಲೇನಾಯ್ತು ಮಿಸ್?’ ಎಂದು ಕೇಳಿದರೆ ಇನ್ನೆರಡು ಮಾತು ಹೇಳಬಹುದು. ‘ನಿನ್ನ ದುಃಖ ನಂಗೆ ಅರ್ಥ ಆಗ್ತದೆ’ ಎಂಬ ಮಾತಿಗಿಂತ ‘ನಿಂಗೆ ಹೆಂಗಾಗ್ತಿದೆ ಅಂತ ನಂಗೊತ್ತಿಲ್ಲ, ಹೇಳು’ ಎಂಬುದು ಹೆಚ್ಚು ನಿಜವಾದದ್ದು. ಯಾರನ್ನೂ ಕಳೆದುಕೊಳ್ಳದ ಹೊಸ ಟೀಚರೂ ಈ ಮಾತನ್ನು ಆಡಬಲ್ಲರು. ಸಂಶೋಧನೆಯನ್ನು ನಂಬುವುದಾದರೆ, ಕುಸಿದ ಮಗುವಿನ ವಿಷಯದಲ್ಲಿ ಅವರ ತಾಳ್ಮೆ ಅನುಭವಸ್ಥರದಕ್ಕಿಂತ ಹೆಚ್ಚಿದ್ದರೂ ಇರಬಹುದು.

ಮಗು ಯಾವ ಭಾಷೆಯಲ್ಲಿ ದುಃಖ ಹೇಳಿಕೊಳ್ಳುತ್ತದೆ ಎಂಬುದೂ ಮುಖ್ಯ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ಈ ಸಂಗತಿ ವಿಶೇಷವಾಗಿ ಸಲ್ಲುತ್ತದೆ. ಪಾವಗಡವನ್ನು ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿದೆ. ಎಷ್ಟೋ ಮನೆಗಳ ಒಳಮಾತು ತೆಲುಗು. ಶಿರಾದಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದಾರೆ. ತರಗತಿಯಲ್ಲಿ ಚುರುಕಾಗಿ ಕನ್ನಡ ಮಾತಾಡುವ ಹುಡುಗಿಗೆ ಮನೆಯಲ್ಲಿ ಅಪ್ಪ ‘ನಾಯನ’ ಆಗಿದ್ದ. 2003ರಲ್ಲಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ಟರ್ಕಿಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಚರ್ಮದ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದಾಗ, ಬಾಲ್ಯದ ಬೈಗುಳ ತಾಯ್ನುಡಿಯಲ್ಲಿ ಕೇಳಿದರೆ ದೇಹ ಹೆಚ್ಚು ಬೆಚ್ಚುವುದು ಕಂಡುಬಂತು. ಕಲಿತ ಭಾಷೆಯಲ್ಲಿ ಮಗು ದುಃಖವನ್ನು ವರದಿ ಮಾಡುತ್ತದೆ. ಮನೆಯ ಭಾಷೆಯಲ್ಲಿ ಅಳುತ್ತದೆ. ಮೇಷ್ಟ್ರಿಗೆ ಆ ಭಾಷೆ ಬಾರದಿದ್ದರೂ ‘ನಿಮ್ಮ ಮನೆ ಮಾತಲ್ಲೇ ಹೇಳು’ ಎಂದು ಬಿಟ್ಟುಕೊಡಬಹುದು. ಪ್ರತಿ ಪದ ಅರ್ಥವಾಗಲೇಬೇಕೆಂದಿಲ್ಲ.

ಒಂದು ಕಡೆ ಮಾತ್ರ ಸ್ವಂತ ಅನುಭವ ಹೇಳುವುದರ ಬೆಲೆ ಉಳಿದೆಲ್ಲ ಕಡೆಗಿಂತ ಹೆಚ್ಚು ಎಂದು ನಾನು ನಂಬುತ್ತೇನೆ. ಅದು ಜನ ಬಾಯಿಬಿಟ್ಟು ಹೇಳಲು ಹೆದರುವ ಸಾವುಗಳಲ್ಲಿ. ಬೋರ್‌ವೆಲ್ ಬತ್ತಿ ಸಾಲ ಏರಿ ಪ್ರಾಣ ಕಳೆದುಕೊಂಡ ರೈತ, ಕುಡಿತದಿಂದ ಹೋದ ಅಪ್ಪ, ಏಡ್ಸ್‌ನಿಂದ ಹೋದ ಅಮ್ಮ. ಇಂಥ ಮನೆಯ ಮಕ್ಕಳ ದುಃಖಕ್ಕೆ ಊರು ಮನ್ನಣೆ ಕೊಡುವುದಿಲ್ಲ. ಅದರ ಮೇಲೆ ಪಿಸುಮಾತಿನ ಮುಸುಕು ಬಿದ್ದಿರುತ್ತದೆ. ಕೆನೆತ್ ಡೋಕಾ ಎಂಬ ವಿದ್ವಾಂಸ 1980ರ ದಶಕದ ಕೊನೆಯಲ್ಲಿ ಈ ಬಗೆಯ ಶೋಕವನ್ನು ಬೇರೆಯಾಗಿ ಗುರುತಿಸಿ ಅಧ್ಯಯನಕ್ಕೆ ತಂದರು. ‘ನಮ್ಮನೇಲೂ ಹಿಂಗೇ ಒಬ್ರು ಹೋದ್ರು. ನಿನ್ನ ತಪ್ಪೇನೂ ಇಲ್ಲ’ ಎಂದು ಗೌರವಾನ್ವಿತ ಟೀಚರೊಬ್ಬರು ಹೇಳಿದರೆ ಮಗುವಿನ ನಾಚಿಕೆ ಅರ್ಧ ಇಳಿಯುತ್ತದೆ. ಹಾಗೆ ಸತ್ತವರು ಹೇಗೆ ಸತ್ತರು, ಏನು ಬಳಸಿದರು ಎಂಬ ವಿವರ ಮಾತ್ರ ಬಾಯಿಗೆ ಬರಕೂಡದು. ಆತ್ಮಹತ್ಯೆಯ ವಿಧಾನವನ್ನು ವಿವರಿಸುವುದು ಕೇಳುವವರಿಗೆ ಅಪಾಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ಹೇಳುತ್ತಲೇ ಬಂದಿದೆ. ಅದು ಮೇಷ್ಟ್ರಿಗೂ ಅನ್ವಯಿಸುತ್ತದೆ.

ಮೇಷ್ಟ್ರ ದುಃಖ, ಮಕ್ಕಳ ದುಃಖ ಎರಡೂ ಒಂದೇ ದಿನ ಶುರುವಾಗುವುದೂ ಉಂಟು. 2022ರ ಮಾರ್ಚ್ 19ರ ಬೆಳಿಗ್ಗೆ ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆ ಬಳಿ ಉರುಳಿತು. ಓದಲು ಹೊರಟಿದ್ದ ವಿದ್ಯಾರ್ಥಿಗಳೂ ಸತ್ತವರಲ್ಲಿದ್ದರು. ಒಂಬತ್ತು ದಿನಕ್ಕೆ, ಮಾರ್ಚ್ 28ಕ್ಕೆ, ರಾಜ್ಯದಾದ್ಯಂತ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯಿತು. ತಾವು ಪಾಠ ಹೇಳಿದ ಮಕ್ಕಳನ್ನು ಮಣ್ಣು ಮಾಡಿ ಬಂದ ಮೇಷ್ಟ್ರು ಯಾವ ಊರಿನಲ್ಲೇ ಆಗಲಿ ಸಲಹೆಗಾರರಾಗುವ ಸ್ಥಿತಿಯಲ್ಲಿರುವುದಿಲ್ಲ, ಅವರೂ ಶೋಕದಲ್ಲಿರುವವರೇ. ಆಗ ‘ನನಗೂ ದುಃಖ ಆಗ್ತಿದೆ’ ಎಂದು ಮಕ್ಕಳ ಮುಂದೆ ಒಪ್ಪಿಕೊಳ್ಳುವುದು ಸರಿ. ಮಕ್ಕಳು ಅದರಿಂದ ಅಳಬಹುದೆಂದು ಕಲಿಯುತ್ತಾರೆ. ಆದರೆ ಆ ದುಃಖವನ್ನು ಇಳಿಸಿಕೊಳ್ಳುವ ಜಾಗ ತರಗತಿಯಾಗಬಾರದು. ಹಸಿ ಗಾಯ ಇರುವಾಗ ಅದೇ ಬಗೆಯ ಸಾವಿನ ಮನೆಯ ಮಗುವನ್ನು ಇನ್ನೊಬ್ಬ ಟೀಚರಿಗೆ ಒಪ್ಪಿಸುವುದು ಜವಾಬ್ದಾರಿ ತಪ್ಪಿಸಿಕೊಂಡಂತಲ್ಲ.

ದೊಡ್ಡ ಸಾವುಗಳ ನಂತರ ಉಳಿದವರನ್ನು ಹೋಗಿ ಕಾಣಬೇಕು ಎಂಬ ಅರಿವು ಕರ್ನಾಟಕಕ್ಕೆ ಹೊಸದಲ್ಲ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಆ ಮಕ್ಕಳ ಮನೆಯವರ ಶೋಕವನ್ನು ಎಚ್.ಎಸ್. ನಾರಾಯಣನ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1987ರಲ್ಲಿ ನಿಮ್ಹಾನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿ ದೀರ್ಘಕಾಲದ ಶೋಕವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಪಟ್ಟಿ ಮಾಡಿದೆ. ಆರು ತಿಂಗಳಾದರೂ ತೀವ್ರ ಹಂಬಲ ಕಡಿಮೆಯಾಗದೆ, ಆಯಾ ಸಮಾಜದ ರೂಢಿಯನ್ನೂ ಮೀರಿ, ಊಟ ನಿದ್ದೆ ಓದು ಎಲ್ಲವನ್ನೂ ಕೆಡಿಸುತ್ತಿದ್ದರೆ ಅದು ಮೇಷ್ಟ್ರ ಅನುಭವದಿಂದ ವಾಸಿಯಾಗುವಂಥದ್ದಲ್ಲ. ಸತ್ತವರ ಬಳಿಗೆ ಹೋಗಬೇಕು ಎಂದು ಮಗು ಹೇಳಿದರಂತೂ ಆರು ದಿನವೂ ಕಾಯಬಾರದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುತ್ತವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆ ನಂಬರು ಮೇಷ್ಟ್ರಿಗೂ ಇದೆ. ಮಕ್ಕಳ ದುಃಖ ಕೇಳುತ್ತಾ ಹೋದಂತೆ ತನ್ನಪ್ಪನ ಸಾವು ದಶಕಗಳ ಬಳಿಕ ಎದೆಯಲ್ಲಿ ಮತ್ತೆ ಏಳುವುದು ಅಪರೂಪವಲ್ಲ. ಅದನ್ನು ಹೇಳಿಕೊಳ್ಳಲು ಶಿಕ್ಷಕರಿಗೆ ಒಂದು ಜಾಗ ಬೇಕು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಕಲಿಕಾ ಫಲ, ಬಿಸಿಯೂಟದ ಲೆಕ್ಕ, ದಾಖಲಾತಿ ಎಲ್ಲ ಚರ್ಚೆಯಾಗುತ್ತವೆ. ಅದೇ ಸಭೆಯ ಕೊನೆಯಲ್ಲಿ ಅರ್ಧ ಗಂಟೆ ಮೀಸಲಿಟ್ಟು, ಮನೆಯಲ್ಲಿ ಸಾವಾದ ಮಕ್ಕಳ ಬಗ್ಗೆ ಹೆಸರು ಹೇಳದೆ ಮಾತಾಡಬಹುದು, ತಮಗಾದ ಸಾವುಗಳ ಬಗ್ಗೆ ಬೇಕಾದಷ್ಟು ಉದ್ದಕ್ಕೆ ಮಾತಾಡಬಹುದು. ಅಲ್ಲಿ ಎಲ್ಲರೂ ಸಮಾನರು, ಆಸ್ಪತ್ರೆಯ ವಿವರವನ್ನೂ ಹೇಳಬಹುದು, ಅಳಲೂಬಹುದು. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಮಧುಗಿರಿಯ ಉಪನಿರ್ದೇಶಕರ ಕಚೇರಿಯಿಂದ ನಾಲ್ಕೂ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಪುಟದ ಸುತ್ತೋಲೆ ಹೋದರೆ ಮುಂದಿನ ತಿಂಗಳೇ ಶುರುಮಾಡಬಹುದು.